ಎರಡು ದಿನ ಕಾಯಕ್ಕಿಡಮ್ಮ

ನನಗೆ ತಮಿಳು ಬರುವುದಿಲ್ಲ. ಕಲಿಯುವುದೂ ಇಲ್ಲ ಎಂದು ಉರಿಗಾಂ ಕ್ವಾರ್ಟರ್ಸಿನ ಮುಂದೆ ಲಾರಿಯಿಂದ ಸಾಮಾನು ಇಳಿಸಿದ ದಿನವೇ ಹೇಳಿದ್ದೆ. ನನ್ನ ಗಂಡ ಶಶಿಧರ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಮೈಸೂರಿನಿಂದ ವರ್ಗವಾಗಿ ನಾವು ಕೆಜಿಎಫ್‌ಗೆ ಬಂದು ಮೂರು ವರ್ಷವಾಯಿತು. ಇಲ್ಲಿ ಸೊಪ್ಪಿನವಳದು ತಮಿಳು, ಆಟೋದವನದು ತೆಲುಗು, ಹಾಲಿನವನದು ಕನ್ನಡವೂ ಸೇರಿ ಮೂರನ್ನೂ ಕಲಸಿದ ಇನ್ನೇನೋ ಒಂದು. "ನಾವಿರೋದು ಕರ್ನಾಟಕದಲ್ಲಿ ತಾನೇ? ಕನ್ನಡದಲ್ಲಿ ಮಾತಾಡಲಿ, ನನ್ನ ಕಿವಿ ನೆಟ್ಟಗಿದೆ" ಎನ್ನುತ್ತಿದ್ದೆ. ಆ ನೆಟ್ಟಗಿನ ಕಿವಿ ಏನು ಮಾಡಿತು ಎಂದು ಈಗ ಹೇಳಬೇಕಾಗಿದೆ. ಹೇಳಬೇಕಾದದ್ದು ನನ್ನ ಕಥೆಯಲ್ಲ, ಮುನಿರತ್ನಮ್ಮನದು.

ನಮ್ಮ ಕ್ವಾರ್ಟರ್ಸಿನ ಹಿಂದಿನ ಗೋಡೆಯಾಚೆ ಗಣಿ ಕೆಲಸಗಾರರ ಹಳೆಯ ಲೈನ್ ಮನೆಗಳಿವೆ. ಅಲ್ಲಿ ಕೊನೆಯದು ಮುನಿರತ್ನಮ್ಮನ ಮನೆ. ಬಂಗಾರಪೇಟೆ ಪಕ್ಕದ ಹಳ್ಳಿಯವಳು. ಹದಿನಾರಕ್ಕೆ ಚಿಕ್ಕಮುನಿಯಪ್ಪನನ್ನು ಮದುವೆಯಾಗಿ ಇಲ್ಲಿಗೆ ಬಂದಳಂತೆ. ಅವನು ಇಲ್ಲಿನ ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಯಲ್ಲಿ ನೆಲದಡಿಯ ಕೆಲಸಕ್ಕೆ ಇಳಿಯುತ್ತಿದ್ದವನು. ಗಣಿ ಮುಚ್ಚಿತು, ಕೆಮ್ಮಿ ಕೆಮ್ಮಿ ಅವನೂ ಹೋದ. ಈಗ ಅವಳಿಗೆ ಅರವತ್ತೆರಡೋ ಅರವತ್ಮೂರೋ, ಕರೆದವರ ಹೊಲದಲ್ಲಿ ಕಳೆ ಕೀಳಲು ಕೂಲಿಗೆ ಹೋಗುತ್ತಾಳೆ. ಕೂಲಿ ಇಲ್ಲದ ದಿನ ಕಾಯಿ ಒಣಗಿಸುತ್ತಾಳೆ.

ಮನೆ ಪಕ್ಕದ ನಾಲ್ಕು ಮಾರು ಜಾಗದಲ್ಲಿ ಅವಳು ಬೆಳೆಯದ್ದೇ ಇಲ್ಲ. ಗೋರಿಕಾಯಿ, ಬೆಂಡೆ, ಹಾಗಲ, ಮೆಣಸಿನಕಾಯಿ, ಎಲ್ಲಕ್ಕಿಂತ ಎತ್ತರಕ್ಕೆ ಒಂದು ಸುಂಡೆಕಾಯಿ ಗಿಡ. ಅದನ್ನು ನೆಟ್ಟವನು ಚಿಕ್ಕಮುನಿಯಪ್ಪ, ಸಾಯುವ ಹಿಂದಿನ ವರ್ಷ. ಬಟಾಣಿಯಷ್ಟು ದಪ್ಪದ ಕಹಿ ಕಾಯಿ ಗೊಂಚಲು ಗೊಂಚಲಾಗಿ ಬಿಡುತ್ತದೆ. ಅದನ್ನು ಬಿಡಿಸಿ, ಒಂದೊಂದನ್ನೇ ಕಲ್ಲಿನಿಂದ ಮೆಲ್ಲಗೆ ಜಜ್ಜಿ, ಉಪ್ಪು ಹಾಕಿದ ಹುಳಿ ಮಜ್ಜಿಗೆಯಲ್ಲಿ ರಾತ್ರಿ ನೆನೆಸಿ, ಹಗಲು ಬಿಸಿಲಿಗೆ ಹರಡಬೇಕು. ಸಂಜೆ ಮತ್ತೆ ಅದೇ ಮಜ್ಜಿಗೆಗೆ. ಹೀಗೆ ಮೂರು ಸಲವಾದ ಮೇಲೆ ಬರೀ ಬಿಸಿಲು. ಒಣಗಿದ ಕಾಯಿಯ ಮೇಲೆ ಉಪ್ಪು ಬೆಳ್ಳಗೆ ಅರಳುತ್ತದೆ. ತುಪ್ಪದಲ್ಲಿ ಕರಿದು ಬಿಸಿ ಅನ್ನಕ್ಕೆ ಕಲಸಿಕೊಂಡರೆ, ಆಹಾ, ಬಾಯಿ ಕೆಟ್ಟವರಿಗೂ ಊಟ ಸೇರುತ್ತದೆ.

ಇದನ್ನೆಲ್ಲ ಅವಳಿಗೆ ಕಲಿಸಿದವರು ಲೈನಿನ ತಮಿಳು ಹೆಂಗಸರು. ಗಾಳಿ ಓದುವುದನ್ನು ಮಾತ್ರ ತಾನೇ ಕಲಿತಳು. ಲೈನಿನ ಹಿಂದೆಯೇ ಸೈನೈಡ್ ದಿಬ್ಬ. ಚಿನ್ನ ತೆಗೆದು ಬಿಸಾಡಿದ ಮಣ್ಣಿನ ಗುಡ್ಡ ಅದು. ಬೇಸಿಗೆಯಲ್ಲಿ ಗಾಳಿ ಆ ಕಡೆಯಿಂದ ತಿರುಗಿದರೆ ತಟ್ಟೆ, ಲೋಟ, ತಲೆ ಎಲ್ಲದರ ಮೇಲೂ ಬೂದು ಬಣ್ಣದ ಧೂಳು. ಮುನಿರತ್ನಮ್ಮ ಬೇಲಿಗೆ ಗಂಡನ ಹಳೇ ಪಂಚೆಯ ಚೂರೊಂದನ್ನು ಕಟ್ಟಿದ್ದಾಳೆ. ಅದು ದಿಬ್ಬದ ಕಡೆಯಿಂದ ಹಾರಿತೋ, ಕೈಯಲ್ಲಿ ಅನ್ನವಿದ್ದರೂ ಎದ್ದು ಓಡಿ ಮೊರಗಳನ್ನು ಒಳಗಿಡುತ್ತಾಳೆ. "ನನ್ ಕಾಯ್ ಮ್ಯಾಲೆ ದಿಬ್ಬದ್ ಧೂಳ್ ಒಂದ್ ಕಣ ಬಿದ್ದಿಲ್ಲ ಕಣಮ್ಮ, ಇಷ್ಟ್ ವರ್ಷದಲ್ಲಿ" ಎನ್ನುತ್ತಿದ್ದಳು. ಇಡೀ ಲೈನು ಅವಳ ಒಣಕಾಯಿ ತಿನ್ನುತ್ತಿದ್ದದ್ದು ಆ ಮಾತಿನ ಮೇಲೆ.

ಈ ವರ್ಷ ಫೆಬ್ರವರಿಯಲ್ಲಿ ನನ್ನ ಮಗಳು ಅನು ಹೆರಿಗೆಗೆ ಬಂದಳು. ಹೆಣ್ಣು ಮಗು. ಬಾಣಂತಿಗೆ ಊಟವೇ ಸೇರದು. ಮೆಣಸಿನ ಸಾರು ಕಂಡರೆ ಮುಖ ತಿರುಗಿಸುವಳು. ಗೋಡೆಯಾಚೆಯಿಂದ ಕೇಳಿಸಿಕೊಂಡ ಮುನಿರತ್ನಮ್ಮ ಒಂದು ಬೆಳಿಗ್ಗೆ ಬಟ್ಟೆ ಗಂಟು ಹಿಡಿದು ಬಂದಳು. ಗಂಟಿನಲ್ಲಿ ಸೇರಿನಷ್ಟು ಸುಂಡೆಕಾಯಿ.

"ಬಾರ್ಗವಮ್ಮ, ನಮ್ಮಣ್ಣನ ಮನೆ ಒಕ್ಲು. ಬಂಗಾರಪೇಟೆಗ್ ಓಗಿ ನಾಕೈದ್ ದಿನ ಬಿಟ್ಟು ಬತ್ತೀನಿ. ಇದುಕ್ಕೆ ಮೂರ್ ಮಜ್ಜಿಗೆ ಆಗೈತೆ. ಇನ್ನೂ ಎರಡ್ ದಿನ ಕಾಯಕ್ಕಿಡಮ್ಮ. ಗಲಗಲ ಅಂದ್ಮೇಲೆ ಡಬ್ಬಿಗಾಕಿ ಮಗಳ್ಗೆ ಕೊಡು."

"ಎಷ್ಟು ಹೊತ್ತು ಕಾಯಿಸಲಿ?" ಎಂದೆ.

"ಒತ್ತೇನ್ ಬಂತು? ಬೆಳಗ್ಗಿಂದ ಸಂಜೆಗಂಟ. ಚೆನ್ನಾಗ್ ಕಾಯ್ಲಿ" ಎಂದು ಬಸ್ಸಿಗೆ ಓಡಿದಳು.

ಕಾಯಕ್ಕಿಡುವುದು ಎಂದರೆ ನಮ್ಮ ಕಡೆ ಏನು? ಸ್ನಾನಕ್ಕೆ ನೀರು ಕಾಯಕ್ಕಿಡುತ್ತೇವೆ, ಹಾಲು ಕಾಯಕ್ಕಿಡುತ್ತೇವೆ. ನಾನು ದಪ್ಪ ತಳದ ಬಾಣಲೆ ಒಲೆಯ ಮೇಲಿಟ್ಟೆ. ಬೆಳಗಿನಿಂದ ಸಂಜೆಯವರೆಗೆ ಗ್ಯಾಸ್ ಉರಿಸಲು ನನಗೇನು ಹುಚ್ಚೇ? ಸಣ್ಣ ಉರಿಯಲ್ಲಿ ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ, ಎರಡು ದಿನ ಹುರಿದೆ. ಇದೆಂಥ ಪದ್ಧತಿಯೋ ಎನ್ನಿಸಿತು. ಇರಲಿ, ಊರಿಗೊಂದು ಪದ್ಧತಿ. ಮೇಲಿನ ಸಿಪ್ಪೆ ಗಟ್ಟಿಯಾಗಿ ಗಲಗಲ ಎಂದಿತು ಕೂಡ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ತುಂಬಿ ಒಲೆ ಪಕ್ಕದ ಶೆಲ್ಫಿನಲ್ಲಿಟ್ಟೆ. ಮೊದಲ ದಿನ ಕರಿದು ಬಡಿಸಿದಾಗ ಅನು ಎರಡು ಸಲ ಅನ್ನ ಹಾಕಿಸಿಕೊಂಡಳು. ಆಮೇಲೆ ಹತ್ತು ದಿನ ಬೇರೆ ಬೇರೆ ಪಥ್ಯದಲ್ಲಿ ಡಬ್ಬಿಯ ನೆನಪಾಗಲಿಲ್ಲ. ಒಂದು ಸೋಮವಾರ ರಾತ್ರಿ ಮುಚ್ಚಳ ತೆಗೆದರೆ ಕಾಯಿಯ ಮೇಲೆಲ್ಲ ಬೆಳ್ಳಗೆ. ಉಪ್ಪು ಅರಳಿದೆ ಎಂದು ಖುಷಿಪಟ್ಟು ಒಂದು ಹಿಡಿ ಕರಿದೆ. ಎಣ್ಣೆ, ತುಪ್ಪ ನಮ್ಮಿಬ್ಬರಿಗೂ ಡಾಕ್ಟರು ಬಿಡಿಸಿದ್ದರಿಂದ ನಾನೂ ಶಶಿಧರೂ ಮುಟ್ಟಲಿಲ್ಲ. ಅಷ್ಟನ್ನೂ ಅನುವೇ ತಿಂದಳು.

ಮಂಗಳವಾರ ಬೆಳಕು ಹರಿಯುವ ಮುಂಚೆ ವಾಂತಿ ಶುರುವಾಯಿತು. ಜೊತೆಗೆ ಭೇದಿ. ಏಳು ಗಂಟೆಗೆ ಅವಳಿಗೆ ಎದ್ದು ಕೂರಲಾಗುತ್ತಿರಲಿಲ್ಲ, ತುಟಿ ಒಡೆದು ಬೆಳ್ಳಗಾಗಿತ್ತು. ಹಸಿ ಬಾಣಂತಿ, ಇಪ್ಪತ್ತೆರಡು ದಿನದ ಮಗು. ಆಟೋದಲ್ಲಿ ರಾಬರ್ಟ್‌ಸನ್‌ಪೇಟೆಯ ಆಸ್ಪತ್ರೆಗೆ ಹೋಗುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು. ಡಾಕ್ಟರಮ್ಮ ಡ್ರಿಪ್ ಹಾಕಿಸಿ ಬಿಪಿ ನೋಡಿ, "ತುಂಬಾ ಇಳಿದುಬಿಟ್ಟಿದೆ. ಸಂಜೆಯೊಳಗೆ ಮೂತ್ರ ಆಗಲಿಲ್ಲ ಅಂದ್ರೆ ಕೋಲಾರಕ್ಕೆ ಕಳಿಸ್ತೀನಿ. ಸದ್ಯಕ್ಕೆ ಮಗುವಿಗೆ ಎದೆಹಾಲು ಬೇಡ. ರಾತ್ರಿ ಏನು ತಿಂದಳು?" ಎಂದರು. ಸುಂಡೆಕಾಯಿ ಎಂದೆ. "ಮನೇಲಿ ಮಾಡಿದ್ದಾ? ತಗೊಂಡ್ಬನ್ನಿ, ನೋಡ್ತೀನಿ."

ಶಶಿಧರ್ ಮಗುವನ್ನೆತ್ತಿಕೊಂಡು ಅಲ್ಲೇ ನಿಂತರು. ನಾನು ಆಟೋ ಹತ್ತಿದೆ. ಮನೆ ಬರುವವರೆಗೂ ಕಣ್ಣ ಮುಂದೆ ಒಂದೇ: ಸೈನೈಡ್ ದಿಬ್ಬ. ಸೈನೈಡ್ ಅಂತ ಹೆಸರಲ್ಲೇ ಇದೆಯಲ್ಲ! ಅದರ ಬುಡದಲ್ಲಿ ಬೆಳೆದು, ಅದರ ಗಾಳಿಗೆ ಹರಡಿದ್ದನ್ನು ಬಾಣಂತಿಗೆ ಕರಿದುಕೊಟ್ಟೆನಲ್ಲ! ಡಬ್ಬಿ ತೆಗೆದುಕೊಂಡವಳು ಸುಮ್ಮನೆ ಆಸ್ಪತ್ರೆಗೆ ಹೋಗಬಹುದಿತ್ತು. ನಾನು ಹೋದದ್ದು ಲೈನಿಗೆ.

ನಲ್ಲಿ ನೀರು ಬಿಟ್ಟ ಹೊತ್ತು. ಹೆಂಗಸರೆಲ್ಲ ಕೊಡ ಹಿಡಿದು ನಿಂತಿದ್ದರು. ಮುನಿರತ್ನಮ್ಮ ಬಾಗಿಲ ಮುಂದೆ ಕೂತು ಗೋರಿಕಾಯಿಯನ್ನು ಮೊರಕ್ಕೆ ಹರಡುತ್ತಿದ್ದಳು.

"ಏನು ತಿನ್ನಿಸಿದೆ ನನ್ನ ಮಗಳಿಗೆ?" ಎಂದು ಕೂಗಿದೆ. ಮೂರು ವರ್ಷ 'ನೀವು' ಅಂದವಳು, ಅವತ್ತು 'ನೀನು' ಅಂದೆ. "ದಿಬ್ಬದ ವಿಷ ತಿನ್ನಿಸಿದ್ದೀಯಾ! ಒಂದು ಕಣ ಬಿದ್ದಿಲ್ಲ ಅಂತ ಊರಿಗೆಲ್ಲ ಡಂಗುರ ಹೊಡೀತಿದ್ದೆಯಲ್ಲ. ಅಲ್ಲಿ ಅವಳು ಸಾಯೋ ಹಾಗೆ ಬಿದ್ದಿದ್ದಾಳೆ!"

ಅವಳು ಮೇಲೇಳಲಿಲ್ಲ. ಜಗಳಕ್ಕೂ ಬರಲಿಲ್ಲ. ಮುಖ ಬೂದಿಯಾಯಿತು, ಕೈ ಸೆರಗಿಗೆ ಒರೆಸಿಕೊಂಡಳು, ಕಣ್ಣು ಬೇಲಿಯ ಪಂಚೆ ಚೂರಿನ ಕಡೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ! ನನ್ನ ಅನುಮಾನ ಗಟ್ಟಿಯಾಯಿತು.

"ಮಗೀಗ್ ಆಲ್ ಕುಡ್ಸಿದ್ಲಾ?" ಎಂದಳು. ಅಷ್ಟೇ ಕೇಳಿದ್ದು.

ಕುಡಿಸಿದ್ದಳು, ಬೆಳಗಿನ ಜಾವ. ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಏನು ಮಾಡುತ್ತಿದ್ದೇನೆಂದು ತಿಳಿಯದೆ ಅವಳ ಮೊರ ಎತ್ತಿ ರಸ್ತೆಗೆ ಎಸೆದೆ. ಪಕ್ಕದಲ್ಲಿದ್ದ ಇನ್ನೆರಡನ್ನೂ ಕಾಲಿನಿಂದ ತಳ್ಳಿದೆ. ಗೋರಿಕಾಯಿ, ಮೆಣಸಿನಕಾಯಿ ಎಲ್ಲ ಚರಂಡಿ ನೀರಿಗೆ ಬಿದ್ದವು. ಎದುರು ಮನೆಯ ರೂಪ, "ಅಯ್ಯೋ, ನಮ್ ಮಕ್ಕಳೂ ಅದ್ನೇ ತಿಂತವಲ್ಲಕ್ಕಾ!" ಎಂದು ಕೊಡ ಬಿಟ್ಟು ಒಳಗೆ ಓಡಿದಳು. ನಾನು ಆಟೋ ಹತ್ತುವಾಗ ಅವಳು ಒಂದು ಪೊಟ್ಟಣ ತಂದು ಮುನಿರತ್ನಮ್ಮನ ಹೊಸಿಲ ಮೇಲೆ ಇಡುತ್ತಿದ್ದಳು. ಹಿಂದೆ ಇನ್ನೂ ಇಬ್ಬರು ಬರುತ್ತಿದ್ದರು.

ಆಸ್ಪತ್ರೆಯಲ್ಲಿ ಅನು ಕಣ್ಣು ಮುಚ್ಚಿಕೊಂಡೇ ಇದ್ದಳು. ಎರಡನೇ ಬಾಟಲಿ ಹತ್ತಿಸಿದ್ದರು, ಮೂತ್ರ ಆಗಿರಲಿಲ್ಲ. ಪುಡಿ ಹಾಲು ಬಾಯಿಗಿಟ್ಟರೆ ಉಗುಳುತ್ತಿದ್ದ ಮಗು ಹಸಿವಿನಿಂದ ಅತ್ತು ಅತ್ತು ಗಂಟಲು ಕಟ್ಟಿಕೊಂಡಿತ್ತು. ಡಾಕ್ಟರಮ್ಮ ಡಬ್ಬಿಯನ್ನು ಕಿಟಕಿ ಹತ್ತಿರ ಹಿಡಿದು ಮುಚ್ಚಳ ತೆಗೆದರು. ಒಂದು ಕಾಯಿ ತೆಗೆದು ಉಗುರಿನಿಂದ ಸೀಳಿದರು. ಒಳಗೆ ಅಂಟಂಟು, ಹಸಿ.

"ಇದು ಉಪ್ಪಲ್ಲಮ್ಮ, ಬೂಷ್ಟು. ಮೂಸಿ ನೋಡಿ. ಹೊರಗೆ ಮಾತ್ರ ಗರಿಗರಿ, ಒಳಗೆ ಒಣಗೇ ಇಲ್ಲ. ಹಸಿ ಇರೋದನ್ನ ಗಾಳಿಯಾಡದ ಹಾಗೆ ಮುಚ್ಚಿಟ್ಟಿದ್ದೀರಿ."

"ದಿಬ್ಬದ ಧೂಳು..." ಎಂದೆ.

"ಧೂಳು ಎಲ್ಲಿದೆ ಇದರಲ್ಲಿ? ನೀವೇ ನೋಡಿ."

"ಹಾಗಾದ್ರೆ ಒಣಗದೇ ಇರೋದನ್ನ ಕೊಟ್ಟಿದ್ದಾಳೆ ಆ ಮುದುಕಿ" ಎಂದು ಮತ್ತೆ ಹಲ್ಲು ಕಡಿದೆ. "ನಾನು ಅವಳು ಹೇಳಿದ ಹಾಗೇ ಎರಡು ದಿನ ಕಾಯಿಸಿದ್ದೀನಿ." ಡಾಕ್ಟರಮ್ಮ ನನ್ನ ಮುಖ ನೋಡಿ ಇನ್ನೊಂದು ಬೆಡ್ಡಿನ ಕಡೆ ಹೋದರು.

ಹನ್ನೆರಡಾಯಿತು, ಒಂದಾಯಿತು. ನಾನು ಡ್ರಿಪ್ಪಿನ ಹನಿ ನೋಡುತ್ತಾ ಕೂತೆ. ಕೋಲಾರಕ್ಕೆ ಒಯ್ಯುವ ದಾರಿಯಲ್ಲಿ ಏನಾದರೂ ಆದರೆ? ಅಳಿಯನಿಗೆ ಏನೆಂದು ಫೋನ್ ಮಾಡಲಿ? ಅಷ್ಟರಲ್ಲಿ ಆಯಾ ಮಾರಿಯಮ್ಮ ಬಂದಳು. ನಲವತ್ತರ ಹೆಂಗಸು. ಬೆಳಿಗ್ಗೆಯಿಂದ ನನ್ನ ಕೂಗಾಟ ಸಹಿಸಿಕೊಂಡಿದ್ದವಳು.

"ಅಮ್ಮಾ, ಪಾಪು ಬಟ್ಟೆ ಎಲ್ಲಾ ಒಗ್ದು ಆಚೆ ಕಾಯಕ್ಕಿಟ್ಟಿದೀನಿ. ಆಮೇಲೆ ಎತ್ಕೊಳ್ಳಿ" ಎಂದಳು.

"ಬಟ್ಟೇನಾ? ಕಾಯಕ್ಕಿಟ್ಟಿದ್ದೀಯಾ?" ಎಂದು ರೇಗಿದೆ. "ಯಾವ ಒಲೆ ಮೇಲೆ?"

ಅವಳು ನಕ್ಕಳು. "ಒಲೆ ಯಾಕಮ್ಮಾ? ಬಿಸ್ಲು ಇದ್ಯಲ್ಲ. ತಂತಿ ಮೇಲೆ ಆಕಿದೀನಿ, ಕಾಯ್ತಾ ಇದೆ. ನಮ್ ತಮಿಳ್ನಲ್ಲಿ ಒಣಗೋದಕ್ಕೆ ಕಾಯೋದು ಅಂತಾನೇ ಅಲ್ವಾ ಅನ್ನೋದು."

ಕಿಟಕಿಯಾಚೆ ತಂತಿಯ ಮೇಲೆ ನನ್ನ ಮೊಮ್ಮಗಳ ಬಟ್ಟೆಗಳು ಬಿಸಿಲಿಗೆ ಅಲ್ಲಾಡುತ್ತಿದ್ದವು. ಕಾಯ್ತಾ ಇದ್ದವು. ಬೆಳಗ್ಗಿಂದ ಸಂಜೆಗಂಟ, ಚೆನ್ನಾಗ್ ಕಾಯ್ಲಿ. ಅಯ್ಯೋ ದೇವರೇ. ಆ ಹೆಂಗಸು ಎರಡು ದಿನ ಬಿಸಿಲಿಗಿಡು ಎಂದಿದ್ದಳು. ನಾನು ಬಾಣಲೆಯಲ್ಲಿ ಹುರಿದು, ಒಳಗಿನ ಹಸಿಯನ್ನು ಬಂದ್ ಮಾಡಿ, ಬೂಷ್ಟು ಬೆಳೆಸಿ, ಅದನ್ನು ಉಪ್ಪು ಎಂದು ನನ್ನ ಕೈಯಾರೆ ಮಗಳಿಗೆ ಬಡಿಸಿದ್ದೆ. ಮಾರಿಯಮ್ಮ ನೀರು ತಂದುಕೊಟ್ಟಳು, ಕುಡಿಯಲಾಗಲಿಲ್ಲ.

ಮೂರೂಕಾಲಿಗೆ ಅನುವಿಗೆ ಮೂತ್ರವಾಯಿತು. ಯಾರಾದರೂ ಇಂಥದ್ದಕ್ಕೆ ದೇವರಿಗೆ ಕೈ ಮುಗಿಯುತ್ತಾರೆಯೇ, ನಾನು ಮುಗಿದೆ. ನಾಲ್ಕಕ್ಕೆ ಕಣ್ಣು ಬಿಟ್ಟು ಮಗುವನ್ನು ಕೇಳಿದಳು. ಮಗುವಿಗೆ ಏನೂ ಆಗಿಲ್ಲ, ರಾತ್ರಿಯಿಂದ ಹಾಲು ಕೊಡಬಹುದು, ಕೋಲಾರಕ್ಕೆ ಹೋಗುವುದು ಬೇಡ ಎಂದರು ಡಾಕ್ಟರಮ್ಮ. ನಾನು ಶಶಿಧರ್‌ಗೆ, "ಇಲ್ಲೇ ಇರಿ, ಬರ್ತೀನಿ" ಎಂದು ಓಡಿದೆ.

ಐದು ಗಂಟೆಯ ಬಿಸಿಲು ಇನ್ನೂ ಇತ್ತು. ಲೈನಿನ ತಿರುವಿನಲ್ಲೇ ಮಚ್ಚಿನ ಸದ್ದು ಕೇಳಿತು. ಹೊಸಿಲ ಮೇಲೆ ಹದಿನೈದು ಇಪ್ಪತ್ತು ಪೊಟ್ಟಣ, ಡಬ್ಬಿ, ಹಾರ್ಲಿಕ್ಸ್ ಬಾಟಲಿ. ಲೈನಿನ ಎಲ್ಲ ಮನೆಯವರೂ ಅವಳು ಕೊಟ್ಟದ್ದನ್ನು ವಾಪಸು ತಂದಿಟ್ಟಿದ್ದರು. ಪಕ್ಕದಲ್ಲಿ ಸುಂಡೆಕಾಯಿ ಗಿಡ ಬುಡ ಕಡಿದು ಬಿದ್ದಿತ್ತು. ಮುನಿರತ್ನಮ್ಮ ಕೊಂಬೆಗಳನ್ನು ತುಂಡು ಮಾಡುತ್ತಿದ್ದಳು. ಮುಳ್ಳು ಗೀರಿ ತೋಳಿನಲ್ಲೆಲ್ಲ ರಕ್ತ.

ನನ್ನನ್ನು ನೋಡಿದ್ದೇ ಅವಳ ಕೈಯ ಮಚ್ಚು ಕೆಳಗೆ ಬಿತ್ತು. "ಓಗ್ಬುಟ್ಲಾ?" ಎಂದಳು.

"ಇಲ್ಲ, ಇಲ್ಲ! ಚೆನ್ನಾಗಿದ್ದಾಳೆ. ಮಗೂನೂ ಚೆನ್ನಾಗಿದೆ."

ಅವಳು ಕೊಂಬೆಗಳ ನಡುವೆಯೇ ಕುಸಿದು ಕೂತಳು. ನಾನು ಬಾಯಿ ತೆರೆಯುವ ಮುಂಚೆ ತಾನೇ ಹೇಳತೊಡಗಿದಳು. "ನಂದೇ ತಪ್ಪು ಕಣಮ್ಮ. ನಿಂಗ್ ಕೊಟ್ಟ ಕಾಯ್ ಕಾಯಕ್ಕಿಟ್ಟಿದ್ ದಿನ ನಲ್ಲಿ ತಾವ ಮಾತಾಡ್ತಾ ನಿಂತ್ಬಿಟ್ಟೆ. ಗಾಳಿ ತಿರುಗಿದ್ದು ನೋಡ್ಲಿಲ್ಲ. ಓಡ್ಬಂದು ಕೊಡವಿ, ತೊಳ್ದು, ಮತ್ತೆ ಮಜ್ಜಿಗೆಗಾಕ್ದೆ. ನಿಂಗೆ ಏಳ್ಲಿಲ್ಲ. ಒಂದ್ ಕಣ ಬಿದ್ದಿಲ್ಲ ಅಂತ ಜಂಬ ಕೊಚ್ಕೊಂಡಿದ್ನಲ್ಲ, ಬಾಯಿ ಬರ್ಲಿಲ್ಲ. ಅದುಕ್ಕೇ ಕಡ್ದಾಕ್ದೆ. ಇನ್ ಯಾರ್ಗೂ ಬ್ಯಾಡ."

ಬೆಳಿಗ್ಗೆ ಅವಳ ಮುಖ ಬೂದಿಯಾದದ್ದು ಇದಕ್ಕೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮಜ್ಜಿ ಬಡಿದುಕೊಳ್ಳುತ್ತಿದ್ದಳು. ನಾನು ಆಡಿಯೂ ಆಗಿತ್ತು, ಅವಳು ಕಡಿದೂ ಆಗಿತ್ತು.

ಬೈದದ್ದು ಎಲ್ಲರ ಮುಂದೆ, ಹೇಳುವುದೂ ಎಲ್ಲರ ಮುಂದೆಯೇ ಆಗಬೇಕು. ರೂಪಳನ್ನು ಕರೆದೆ, ನಲ್ಲಿಯ ಹತ್ತಿರ ಇದ್ದವರನ್ನೂ ಕರೆದೆ. ಬಾಣಲೆ, ಗ್ಯಾಸು, ಪ್ಲಾಸ್ಟಿಕ್ ಡಬ್ಬಿ, ಬೂಷ್ಟು, ಒಂದನ್ನೂ ಬಿಡದೆ ಹೇಳಿದೆ. "ಇವರ ಕಾಯಲ್ಲಿ ಏನೂ ಇರಲಿಲ್ಲ. ತಪ್ಪು ನನ್ನ ಕಿವೀದು. ಎಸೆದದ್ದು ನಾನು, ಬೈದದ್ದು ನಾನು. ನನ್ನದು ತಪ್ಪಾಯ್ತು, ಮುನಿರತ್ನಮ್ಮ" ಎಂದು ಬಗ್ಗಿ ಅವಳ ಕಾಲು ಮುಟ್ಟಲು ಹೋದೆ. ಅವಳು ಕಾಲು ಹಿಂದಕ್ಕೆಳೆದುಕೊಂಡಳು.

ಹೆಂಗಸರು ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಪೊಟ್ಟಣ ಎತ್ತಿಕೊಂಡರು. "ನಂಗ್ ಆಗ್ಲೇ ಗೊತ್ತಿತ್ತು ಕಣಕ್ಕಾ" ಎಂದಳು ರೂಪ. ಅಬ್ಬಾ, ಅವಳ ನಾಲಿಗೆಯೇ! ಮುನಿರತ್ನಮ್ಮ ಯಾರನ್ನೂ ನೋಡಲಿಲ್ಲ.

"ಕಾಯಕ್ಕಿಡು ಅಂದ್ರೆ ನಿಮ್ ಕಡೆ ಒಲೆ ಮ್ಯಾಲ್ ಇಡೋದಾ?" ಎಂದು ಕೇಳಿದಳು, ಎಲ್ಲರೂ ಹೋದ ಮೇಲೆ.

"ಹೌದು."

"ನಮ್ಮವ್ವನೂ ಒಣಗಾಕು ಅಂತಾನೇ ಅಂತಿದ್ಲು. ಲೈನಿಗ್ ಬಂದ್ಮೇಲೆ ನನ್ ಬಾಯಿಗೆ ಇದು ಅತ್ಕೊಂತು. ನಲವತ್ತೈದ್ ವರ್ಷ ಆಯ್ತಲ್ಲ, ಯಾವ್ದು ನಂದು ಯಾವ್ದು ಅವ್ರದು ಅಂತ ನಂಗೇ ಗೊತ್ತಾಗಲ್ಲ" ಎಂದಳು. ಕೊಂಬೆಗಳಲ್ಲಿ ಕಾಯಿ ಇನ್ನೂ ಹಸಿರಾಗಿದ್ದವು. ಕತ್ತಲಾಗುವವರೆಗೆ ಇಬ್ಬರೂ ಕೂತು ಬಿಡಿಸಿದೆವು.

ಅನು ಮೂರನೇ ತಿಂಗಳಿಗೆ ಅತ್ತೆ ಮನೆಗೆ ಹೊರಟಾಗ ಮುನಿರತ್ನಮ್ಮ ಒಂದು ಬಟ್ಟೆ ಗಂಟು ತಂದುಕೊಟ್ಟಳು. ಆ ಗಿಡದ ಕೊನೆಯ ಕಾಯಿ. ಅನುವಿನ ಮುಖವನ್ನೇ ನೋಡುತ್ತಾ, ಮಕ್ಕಳಿಗೆ ಪಾಠ ಹೇಳುವ ಹಾಗೆ ಬಿಡಿಬಿಡಿಯಾಗಿ, "ಒಣಗಿಸಿ ಆಗೈತೆ ಕಣವ್ವ. ಒಣಗಿಸಿ. ಬಿಸ್ಲಲ್ಲಿ. ನೀನೂ ಒಂದ್ಸಲ ಒಡ್ದು ನೋಡ್ಕೊಂಡು ತಿನ್ನು" ಎಂದಳು. ಅನು ಅವಳ ಕೈ ಹಿಡಿದುಕೊಂಡಳು. ಅವರ ಮುಂದೆ ನಿಂತಿರಲಾಗದೆ ನಾನು ಅಡುಗೆಮನೆಗೆ ಹೋದೆ.

ಗಿಡದ ಬುಡ ಚಿಗುರಿದೆ, ಕಾಯಿ ಬಿಡಲು ಮುಂದಿನ ವರ್ಷವಾಗಬೇಕು. ಲೈನಿನವರು ಮತ್ತೆ ಅವಳ ಹತ್ತಿರ ಗೋರಿಕಾಯಿ, ಮೆಣಸಿನಕಾಯಿ ತೆಗೆದುಕೊಳ್ಳುತ್ತಾರೆ. ನಾನು ಮಾರಿಯಮ್ಮನಿಂದ ದಿನಕ್ಕೆರಡು ತಮಿಳು ಮಾತು ಕಲಿಯುತ್ತಿದ್ದೇನೆ, ಈ ವಯಸ್ಸಿನಲ್ಲಿ. ಮೊನ್ನೆ ಗೋಡೆಯ ಮೇಲಿಂದ ಬಗ್ಗಿ, ಅವಳಿಗೆ ಖುಷಿಯಾಗಲಿ ಎಂದು ಕೇಳಿದೆ: "ಮುನಿರತ್ನಮ್ಮ, ಇವತ್ತೇನು ಕಾಯಕ್ಕಿಟ್ಟಿದ್ದೀರಿ?"

ಅವಳು ಬೇಲಿಯ ಪಂಚೆ ಚೂರು ನೋಡಿದಳು, ಮೊರ ಸರಿಸಿದಳು, ನನ್ನ ಕಡೆ ತಿರುಗಲಿಲ್ಲ.

"ನಾನ್ ಏನೂ ಕಾಯಕ್ಕಿಡಲ್ಲಮ್ಮ ಈಗ" ಎಂದಳು. "ಒಣಗಾಕಿದೀನಿ."